ಊಟದ ಕೋಣೆಯ ಸುಣ್ಣ

ರೋಮ್

ಮಗ ವೆನಾಂಟಿಯಸ್,

ನೀನು ಬರೆದಂತೆ ಊಟದ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ನಮ್ಮನ್ನು ಈಗ ಆಳುವ ಗೋತ್ ದೊರೆಯ ಕಡೆಯವರು ಬಂದಾಗ ಇದು ಅಪ್ಪಟ ರೋಮನ್ನರ ಮನೆ ಅನ್ನಿಸಬೇಕೆಂದೆಯಲ್ಲ, ಅನ್ನಿಸುತ್ತದೆ. ಸುಣ್ಣ ಎಲ್ಲಿಂದ ಬರುತ್ತದೆಂದು ಮಾತ್ರ ನೀನು ಬರೆದಿರಲಿಲ್ಲ. ಸುಣ್ಣದ ಗೂಡಿನವನೇ ಹಲ್ಲುಕಿರಿದು ಹೇಳಿದ:

"ಅಮ್ಮಾ, ಚೌಕದಲ್ಲಿದ್ದ ನಿಮ್ ಮಾವನೋರ ವಿಗ್ರಹಾನೇ ಸುಡು ಅಂತ ಚಿಕ್ಕೆಜಮಾನ್ರು ಹೇಳ್ಕಳ್ಸಿದ್ರು. ಹಳೇ ಅಮೃತಶಿಲೆ ನೋಡಿ, ಸುಣ್ಣ ಬೆಣ್ಣೆಯಂಗೆ ಬಂದೈತೆ!"

ಮೂಗೊಂದು ಬೇಯದೆ ಉಳಿದಿತ್ತೆಂದು ತಂದುಕೊಟ್ಟ. ನಿನ್ನದೇ ಮೂಗು.

ಅಂದಿನಿಂದ ನಾನು ಹಿತ್ತಲಲ್ಲಿ ಕೂತು ಉಣ್ಣುತ್ತೇನೆ.

ಬರುವಾಗ ದೀಪಕ್ಕೆ ಎಣ್ಣೆ ತಾ. ಅತಿಥಿಗಳ ಮುಂದೆ ಗೋಡೆಗೆ ಮಾತ್ರ ಒರಗಬೇಡ. ಬಟ್ಟೆಗೆ ಅಜ್ಜ ಮೆತ್ತಿಕೊಳ್ಳುತ್ತಾರೆ.

ನಿನ್ನ ತಾಯಿ,
ಎಲ್ಪಿಡಿಯಾ