ಆ ದಿನದ ಖಾಲಿ ಅಳತೆ

ಪ್ರಯೋಗಾಲಯ, ಮೂರನೇ ಮಹಡಿ
ಮಾರ್ಚ್ ೧೧, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಅಮ್ಮಾ,

ಕೆಮ್ಮು ಕಡಿಮೆಯಾಯಿತಾ? ನಿದ್ದೆ ಬರುತ್ತಿದೆಯಾ? ಗುಳಿಗೆಯನ್ನು ದಿಂಬಿನ ಕೆಳಗೆ ಬಚ್ಚಿಡುವ ನಿನ್ನ ಬುದ್ಧಿ ನನಗೆ ಗೊತ್ತು, ನರ್ಸಮ್ಮನ ಹತ್ತಿರ ಜಗಳ ಆಡಬೇಡ. ನಾನು ಚೆನ್ನಾಗಿದ್ದೇನೆ ಅಂತ ಬರೆಯಬೇಕು, ಆದರೆ ಮೂರು ದಿನದಿಂದ ಒಂದೇ ವಿಷಯ ತಲೆ ಕೊರೆಯುತ್ತಿದೆ.

ಇಪ್ಪತ್ತು ವರ್ಷದ ಹಿಂದೆ ನೀನು ಇದೇ ಯಂತ್ರದಲ್ಲಿ ಕಾಯಿಸಿದ ಉಲ್ಕಾಶಿಲೆಯ ಕಣ ನೆನಪಿದೆಯಲ್ಲ. ನಮ್ಮ ಗಾಳಿಯಲ್ಲಿ ಹಗುರ ನಿಯಾನ್ ಹತ್ತಿದ್ದರೆ ಭಾರದ್ದು ಒಂದು. ಆ ಕಣದಿಂದ ಬಂದದ್ದು ಬಹುಪಾಲು ಭಾರದ್ದೇ. ಸೂರ್ಯ ಹುಟ್ಟುವ ಮೊದಲೇ ಸತ್ತ ಯಾವುದೋ ನಕ್ಷತ್ರದ ಧೂಳು ಅದು ಅಂತ ಆಯಿತು, ನಿನಗೆ ನಿಯಾನಮ್ಮ ಅಂತ ಹೆಸರೂ ಬಿತ್ತು. ಈಗ ಬಂದಿರುವ ಹೊಸ ಮುಖ್ಯಸ್ಥೆಗೆ ಅದರ ಮೇಲೆ ಅನುಮಾನ. ಉಳಿದಿರುವುದು ಇನ್ನೊಂದೇ ಕಣ, ಉಸಿರು ತಾಗಿದರೂ ಹಾರಿಹೋಗುವಂಥದ್ದು. ಒಮ್ಮೆ ಕಾಯಿಸಿದರೆ ಅದರೊಳಗಿನ ಅನಿಲ ಮುಗಿಯಿತು. ಮಧ್ಯಾಹ್ನ ಕಾಯಿಸಬೇಕಾದವಳು ನಾನು.

ತಯಾರಿಗೆಂದು ನಿನ್ನ ಹಳೆಯ ನೋಟ್‌ಬುಕ್ ತೆಗೆದೆ. ಕಣ ಹಾಕುವ ಮೊದಲು ಯಂತ್ರವನ್ನು ಖಾಲಿ ಕಾಯಿಸಿ, ನುಸುಳಿದ ಗಾಳಿ ಎಷ್ಟು ಅಂತ ಅಳೆದು, ಆಮೇಲೆ ಅದನ್ನು ಕಳೆಯಬೇಕು. 'ಖಾಲಿ ಅಳೀದೆ ತುಂಬಿದ್ದು ಅಳೀಬಾರದು ಕಣೇ' ಅಂತ ಕಲಿಸಿದವಳೇ ನೀನು. ಆದರೆ ನೀನು ಆ ಕಣ ಕಾಯಿಸಿದ ದಿನದ ಖಾಲಿ ಅಳತೆ ಹಿಂದಿನ ದಿನದ್ದೇ, ಕೊನೆಯ ಅಂಕಿಯವರೆಗೂ. ಯಂತ್ರ ಎರಡು ದಿನ ಒಂದೇ ಅಂಕಿ ಕೊಡುವುದಿಲ್ಲ ಅಮ್ಮಾ. ನೀನು ನಕಲು ಮಾಡಿದ್ದೀಯ. ಅಲ್ಲಿ ಗಾಳಿ ಇದ್ದದ್ದಕ್ಕಿಂತ ಜಾಸ್ತಿ ಬರೆದಿದ್ದರೆ, ಕಳೆದಾಗ ಹಗುರ ನಿಯಾನ್ ಮಾಯವಾಗಿ ಭಾರದ್ದೇ ಉಳಿದ ಹಾಗೆ ಕಾಣುತ್ತದೆ. ಆಗ ನಕ್ಷತ್ರವೂ ಇಲ್ಲ, ನಿಯಾನಮ್ಮನೂ ಇಲ್ಲ.

ಆಮೇಲೆ ತಾರೀಕು ನೋಡಿದೆ. ಅದು ನನ್ನ ಎಂಟನೇ ಹುಟ್ಟುಹಬ್ಬ. ಜ್ವರದಲ್ಲಿ ನಿನ್ನ ಕೈ ಬಿಡದೆ, ಹೋಗಬೇಡ ಅಂತ ಅತ್ತು, ನಿನಗೆ ಎರಡು ಗಂಟೆ ತಡ ಮಾಡಿಸಿದವಳು ನಾನೇ. ಖಾಲಿ ಅಳತೆಗೆ ಬೇಕಾಗುವುದೂ ಸರಿಯಾಗಿ ಎರಡು ಗಂಟೆ. ಮುಖ್ಯಸ್ಥೆಗೆ ಹೇಳಲೋ ಬೇಡವೋ ಅಂತ ತಲೆ ಕೆಟ್ಟು ಹೋಗಿದೆ. ಹೇಳಿದರೆ ನಿನ್ನ ಹೆಸರು ಹೋಗುತ್ತದೆ, ಹೇಳದಿದ್ದರೆ ನೀನು ಕಲಿಸಿದ್ದು ಹೋಗುತ್ತದೆ.

ಪಕ್ಕದಲ್ಲಿ ಕೂತಿರುವ ದೊಡ್ಡಮ್ಮನಿಗೆ ನನ್ನ ನಮಸ್ಕಾರ ಹೇಳು. ಬೇಗ ಗುಣವಾಗಿ ಬಾ.

ನಿನ್ನ ಹಿಂದೆಯೇ ಬಂದು ಇಲ್ಲಿಗೂ ಸೇರಿಕೊಂಡ
ನಿನ್ನ ಬಾಲ

ವಿ.ಸೂ.: ಈಗ ಸಂಜೆ, ಅಂಚೆಯವನು ಕೆಳಗೆ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಮೊದಲು ಮುಖ್ಯಸ್ಥೆಗೆ ಆ ಸಾಲು ತೋರಿಸಿದೆ. ಆಮೇಲೆ ಖಾಲಿ ಅಳೆದು ಕಣ ಕಾಯಿಸಿದೆ. ಭಾರದ್ದೇ ಬಂತು, ನಿನ್ನದಕ್ಕಿಂತ ತುಸು ಜಾಸ್ತಿಯೇ. ನಕ್ಷತ್ರ ನಿಜ ಅಮ್ಮಾ. ಆದರೂ ವರದಿಯಲ್ಲಿ ನಿನ್ನ ತಪ್ಪನ್ನೂ ಬರೆಯುತ್ತೇನೆ, ಕೆಳಗೆ ನನ್ನ ಸಹಿ ಇರುತ್ತದೆ. ಬೈಯುವುದಿದ್ದರೆ ನಿನ್ನ ಕೈಯಲ್ಲೇ ಬರೆ, ನಡುಗಿದರೂ ಪರವಾಗಿಲ್ಲ. ನರ್ಸಮ್ಮನ ಕೈಲಿ ಬರೆಸಬೇಡ.