ಹನಿಯ ಮೇಲೆ ಹೊರಿಸಿದ ತಪ್ಪು

ಬಂಟ್ವಾಳ, ಜನವರಿ 2006

ಪ್ರೀತಿಯ ನವಾಝ್‌ಗೆ, ಸಲಾಂ.

ದಮ್ಮಾಮಿನಲ್ಲಿ ಈ ಕಾಗದ ನಿನ್ನ ಕೈ ಸೇರುವ ಮೊದಲೇ ನಿನ್ನ ಹೆತ್ತ ಉಮ್ಮ ಫೋನಿನಲ್ಲಿ ಅತ್ತಿರುತ್ತಾಳೆ. ಅದು ಒಂದು ಕಡೆಯ ಲೆಕ್ಕ. ಇನ್ನೊಂದು ಕಡೆಯದ್ದನ್ನು ಮಾಮನಾದ ನಾನು ಬರೆಯುತ್ತೇನೆ.

ನಾಲ್ಕನೇ ವಯಸ್ಸಿಗೆ ನಿನ್ನ ಪಾದ ಜೋತುಬಿದ್ದಾಗ ನಿಮ್ಮೂರು ಸಿದ್ಧಕಟ್ಟೆಯಲ್ಲಿ ಎಲ್ಲರದ್ದೂ ಒಂದೇ ಮಾತು: ಪೋಲಿಯೊ ಹನಿಯಿಂದಲೇ ಹೀಗಾಯಿತು. ಉಮ್ಮನೂ ಕುಂಟುತ್ತಿದ್ದಳು, ಅದನ್ನು ಬಾಣಂತನದ ಶೀತದ ಖಾತೆಗೆ ಹಾಕಿದೆವು. ನಿಮ್ಮಿಬ್ಬರ ಚಪ್ಪಲಿಯೂ ಹೆಬ್ಬೆರಳ ತುದಿಯಲ್ಲೇ ಸವೆಯುತ್ತಿದ್ದುದು ಚಪ್ಪಲಿ ಅಂಗಡಿಯವನಾದ ನನ್ನ ಕಣ್ಣಿಗೆ ಬಿದ್ದಿತ್ತು. ಹೊಸ ಜೋಡಿ ಕೊಟ್ಟೆ, ಯೋಚನೆ ಮಾಡಲಿಲ್ಲ.

ಹೋದ ವರ್ಷ ನೀನು ರಜೆಗೆ ಬಂದಾಗ ರಕ್ತಪರೀಕ್ಷೆಯ ನಂತರ ಡಾಕ್ಟರು ವಿವರಿಸಿದ್ದು ನೆನಪುಂಟಲ್ಲ? ನರದೊಳಗೆ ಅದನ್ನು ನೆಟ್ಟಗೆ ಹಿಡಿಯುವ ನೂಲುಗಳಿವೆಯಂತೆ, ನ್ಯೂರೋಫಿಲಮೆಂಟ್ ಎಂದು ಹೆಸರು. ಆ ನೂಲಿನ ಪ್ರೋಟೀನ್ ಮಾಡಿಸುವ ಜೀನ್‌ನಲ್ಲಿ ಒಂದಕ್ಷರ ತಪ್ಪು. ತಾಯಿಯಿಂದ ಮಕ್ಕಳಿಗೆ ಅರ್ಧಕ್ಕರ್ಧ ಸಾಧ್ಯತೆ. ನನಗೆ ತಿಳಿದದ್ದು ಇಷ್ಟು: ತೊಗಲು ಗಟ್ಟಿಯೇ, ಒಳಗಿನ ಹೊಲಿಗೆ ಸೋತಿದೆ. ಹನಿಯದ್ದೇನೂ ತಪ್ಪಿಲ್ಲ.

ಆದರೂ ಎಲ್ಲರೂ ಬಾಯಿ ಮುಚ್ಚಿದೆವು. ನಿನ್ನ ತಂಗಿ ಮುರ್ಶಿದಾಳನ್ನು ಬೆಳ್ತಂಗಡಿಯ ನಿಝಾಮ್‌ಗೆ ಕೊಡುವ ಮಾತಾಗಿತ್ತು. ಹನಿ ಎಂದರೆ ನಿನ್ನೊಬ್ಬನ ಕಾಲು. ಜೀನ್ ಎಂದರೆ ಇಡೀ ಮನೆತನ.

ಮೊನ್ನೆ ಭಾನುವಾರ ಶಾಲೆಯಲ್ಲಿ ಪೋಲಿಯೊ ಬೂತ್. ನಿಮ್ಮ ಪಕ್ಕದ ಮನೆಯ ಜಲಜಾಕ್ಷಿ ತನ್ನ ಮೊಮ್ಮಗಳು ಪ್ರಾಪ್ತಿಯನ್ನು ಎತ್ತಿಕೊಂಡು ಗೇಟಿನಲ್ಲೇ ನಿಂತಳು. "ನವಾಝನ ಕಾಲು ನೋಡಿದವಳು ನಾನು. ಬೇಡ ಮಾರಾಯ್ರೆ, ನನಗೆ ಧೈರ್ಯ ಇಲ್ಲ" ಎಂದಳು. ಅವಳ ಹಿಂದೆ ಬಂದ ತಾಯಂದಿರೂ ನಿಂತರು. ಮಾತಿನಿಂದಲೇ ಅಂಗಡಿ ಕಟ್ಟಿದವನು ನಾನು. ಆ ಹೊತ್ತಿಗೆ ಗೇಟಿನ ಪಕ್ಕಕ್ಕೆ ಸರಿದು ನಿಂತೆ.

ಮುರ್ಶಿದಾ ಮುಂದೆ ಬಂದಳು. ನಿಝಾಮನ ಚಿಕ್ಕಮ್ಮ ಅಲ್ಲೇ ಇದ್ದದ್ದು ಅವಳಿಗೆ ಗೊತ್ತಿತ್ತು. ಕಾಲುಚೀಲ ಕಳಚಿ ಸಪೂರವಾದ ಕಾಲನ್ನು ಎಲ್ಲರೆದುರು ತೋರಿಸಿದಳು. "ಜಲಜಕ್ಕ, ನನ್ನದೂ ಹೀಗೇ ಆಗ್ತಾ ಉಂಟು. ಅಣ್ಣನ ಕಾಲು ನೋಡಿ ಹೆದರಿ ಉಮ್ಮ ನನಗೆ ಒಂದು ಹನಿಯೂ ಹಾಕಿಸಿರ್ಲಿಲ್ಲ. ಇದು ನಮ್ಮ ರಕ್ತದಲ್ಲೇ ಉಂಟು. ಮಗುವಿಗೆ ಹಾಕಿಸಿ."

ಜಲಜಾಕ್ಷಿ ಅವಳ ಕಾಲನ್ನು ಮುಟ್ಟಿ ನೋಡಿದಳು. ಮತ್ತೆ ಪ್ರಾಪ್ತಿಯ ಬಾಯಿ ತೆರೆಸಿದಳು. ಉಳಿದವರೂ ಸಾಲಿಗೆ ಬಂದರು. ಚಿಕ್ಕಮ್ಮ ಸೀದಾ ಹೋಗಿ ಬಸ್ಸು ಹತ್ತಿದಳು.

ಬೆಳ್ತಂಗಡಿಯಿಂದ ಈವರೆಗೆ ಸುದ್ದಿಯಿಲ್ಲ. ಉಮ್ಮ ಒಂದು ಉಪಾಯ ಹುಡುಕಿದ್ದಾಳೆ: ನೀನು ನಿಝಾಮ್‌ಗೆ ಫೋನ್ ಮಾಡಿ, ತಂಗಿಯ ಕಾಲು ಬಿದ್ದ ಪೆಟ್ಟಿನಿಂದ ಹಾಗಾದದ್ದು, ರಕ್ತದ ಮಾತು ಸುಳ್ಳು ಎನ್ನಬೇಕಂತೆ. ಹಾಗೆ ಹೇಳಬೇಡ ಮಗಾ. ಹೇಳಿದರೆ ಮುಂದಿನ ಸಲ ಆ ಗೇಟು ದಾಟಿ ಯಾವ ತಾಯಿಯೂ ಬರುವುದಿಲ್ಲ. ಸಂಬಂಧ ಉಳಿಯುವುದಾದರೆ, ಗೊತ್ತಿದ್ದೇ ಉಳಿಯಲಿ.

ಮುರ್ಶಿದಾ ಮದುವೆಯ ವಿಷಯ ಎತ್ತುವುದೇ ಇಲ್ಲ. ನಿನ್ನೆ ಒಂದೇ ಒಂದು ಕೇಳಿದಳು: "ಅಣ್ಣನಿಗೆ ನನ್ನ ಮೇಲೆ ಸಿಟ್ಟು ಉಂಟಾ ಮಾಮ?" ಅದನ್ನು ನೀನೇ ಹೇಳಬೇಕು.

ನಿಮ್ಮಿಬ್ಬರಿಗೂ ನಮ್ಮನ್ನು ಸೃಷ್ಟಿಸಿದವನು ತಾಳ್ಮೆ ಕೊಡಲಿ.

ನಿನ್ನ ಮಾಮ,
ಮೊಯ್ದೀನ್