ಗಾಜಿನ ಮೇಲಿನ ಹೆಬ್ಬೆರಳು

ಪೀಣ್ಯ ಎರಡನೇ ಹಂತ
14 ಜೂನ್ 2024

ಹನುಮೇಶಣ್ಣಗೆ,

ದಾನೇಶ್ವರಿಯ ನಮಸ್ಕಾರ. ಐದು ದಿನದಿಂದ ನಿನ್ನ ಫೋನ್ ಎತ್ತಿಲ್ಲ, ಅದೊಂದು ತಪ್ಪು ನನ್ನದೇ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀ. ಅದಕ್ಕೇ ಈ ಕಾಗದ. ಪೂರ್ತಿ ಓದು.

"ಗಾಜು ತೊಳೀತಾಳ" ಎಂದು ಊರಿಗೆಲ್ಲ ಹೇಳಿದ್ದೀಯಲ್ಲ, ನಾನು ಮಾಡುವುದು ಅದಲ್ಲ. ನಾನು ಅಚ್ಚು ಹಾಕುತ್ತೇನೆ. ಮೆತ್ತನೆಯ ರಬ್ಬರಿನ ಅಚ್ಚು, ಅದರ ಮೈತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳು. ಅದಕ್ಕೆ ಪ್ರೋಟೀನ್ ಸವರಿ ಗಾಜಿನ ಮೇಲಿಟ್ಟರೆ ಪ್ರೋಟೀನಿನ ಚುಕ್ಕೆಗಳು ಬೀಳುತ್ತವೆ. ಉಳಿದ ಜಾಗಕ್ಕೆ ಏನೂ ಅಂಟದಂಥ ಕೆಮಿಕಲ್ ಹಚ್ಚುತ್ತೇವೆ. ಆಮೇಲೆ ಜೀವಕೋಶ ಬಿಟ್ಟರೆ ಚುಕ್ಕೆಯ ಮೇಲೆ ಮಾತ್ರ ಕೂರುತ್ತವೆ, ಪಕ್ಕಕ್ಕೆ ಕಾಲಿಡುವುದಿಲ್ಲ. ಔಷಧಿ ಪರೀಕ್ಷೆ ಮಾಡುವವರು ಈ ಗಾಜು ಕೊಳ್ಳುತ್ತಾರೆ.

ಅಚ್ಚನ್ನು ಕೈಯಿಂದ ಅದುಮಬಾರದು. ಅದುಮಿದರೆ ಉಬ್ಬುಗಳ ನಡುವಿನ ರಬ್ಬರು ಕುಸಿದು ಗಾಜಿಗೆ ತಾಗುತ್ತದೆ, ಪ್ರೋಟೀನ್ ಎಲ್ಲ ಕಡೆ ಮೆತ್ತುತ್ತದೆ. ನಾನು ಭಾರಕ್ಕೆಂದು ಮೇಲೊಂದು ಸಣ್ಣ ಕಬ್ಬಿಣದ ನಟ್ ಇಟ್ಟು ಹತ್ತು ನಿಮಿಷ ಸುಮ್ಮನೆ ಕಾಯುತ್ತೇನೆ.

ಹೋದ ತಿಂಗಳು ಅರ್ಜೆಂಟ್ ಆರ್ಡರ್ ಬಂತು. ಸೂಪರ್‌ವೈಸರ್ ನಂದೀಶ್, "ಏಳಮ್ಮ ಆಚೆ, ನಿನ್ನ ನಿಧಾನಕ್ಕೆ ಗಾಡಿ ಕಾಯಲ್ಲ" ಎಂದು ತಾನೇ ಕೂತು ಟಪಟಪ ಅದುಮಿದ. ಹೋದ ವಾರ ಗಾಜೆಲ್ಲ ವಾಪಸ್. ಜೀವಕೋಶ ಎಲ್ಲೆಂದರಲ್ಲಿ ಅಂಟಿದ್ದವು. ಮಾಲೀಕರು ಸುಮಂಗಲಾ ಮೇಡಂ ಕೇಳಿದರೆ, "ಎಂಟನೇ ಕ್ಲಾಸ್ ಬಿಟ್ಟವಳನ್ನ ಕೂರಿಸಿದ್ರೆ ಇನ್ನೇನಾಗುತ್ತೆ ಮೇಡಂ?" ಅಂದ.

ನಾನು ಒಂದು ಗಾಜು ಬೆಳಕಿಗೆ ಹಿಡಿದೆ. ಜೀವಕೋಶ ಕಾಣಲೆಂದು ಗಿರಾಕಿಗಳು ನೀಲಿ ಬಣ್ಣ ಹಾಕಿದ್ದರು. ನಟ್ಟನಡುವೆ ಹೆಬ್ಬೆರಳಿನ ಆಕಾರದ ನೀಲಿ ಮಚ್ಚೆ. ನನ್ನ ಹೆಬ್ಬೆರಳು ಅದರ ಮೇಲಿಟ್ಟೆ. ಸುತ್ತಲೂ ನೀಲಿ ಉಳಿಯಿತು.

"ಸರ, ಈಗ ನಿಮ್ದು ಇಡ್ರಿ."

ಅವನು ಕೈ ಜೇಬಿಗೆ ಹಾಕಿಕೊಂಡ. "ಡ್ರಾಮಾ ಮಾಡ್ತಾಳೆ ಮೇಡಂ."

"ಬೆರಳು ಇಡಾಕ ಡ್ರಾಮಾ ಯಾಕ್ರಿ? ತೆಗೀರಿ ಹೊರಗ!"

ಪ್ಯಾಕಿಂಗಿನ ಅಂಜನಮ್ಮ ಕಿಸಕ್ಕೆಂದಳು. ಮೇಡಂಗೂ ಅರ್ಥವಾಯಿತು. ಆದರೂ ತಪ್ಪು ನನ್ನದೆಂದು ಟೈಪ್ ಮಾಡಿದ ಹಾಳೆಯನ್ನು ನನ್ನ ಮುಂದೆಯೇ ಇಟ್ಟರು. "ಸೈನ್ ಹಾಕ್ಬಿಡಮ್ಮ, ಕಸ್ಟಮರ್‌ಗೆ ಒಂದು ಹೆಸರು ಬೇಕು. ನಿನ್ನ ಕೆಲ್ಸ ಎಲ್ಲೂ ಹೋಗಲ್ಲ."

"ಹೆಸರು ಬೇಕಂದ್ರ ಅವರದ ಬರೀರಿ" ಅಂದೆ.

ಅವತ್ತಿನಿಂದ ಒಳಗೆ ಬಿಟ್ಟಿಲ್ಲ. ದಿನಾ ಒಂಬತ್ತಕ್ಕೆ ಬಂದು ಗೇಟಿನೆದುರು ಕೂರುತ್ತೇನೆ. ಇದನ್ನು ಬರೆಯುತ್ತಿರುವುದೂ ಇಲ್ಲೇ. ಸಹಿ ಹಾಕುವುದಿಲ್ಲ, ಜಾಗ ಬಿಟ್ಟು ಏಳುವುದೂ ಇಲ್ಲ.

ಅತ್ತಿಗೆಗೆ ಕೇಳಿದೆ ಎಂದು ಹೇಳು. ನಿನ್ನ ಮಗಳು ಗಟ್ಟಿಯಾಗಿ ಬೆಳೆಯಲಿ, ಯಾರಿಗೂ ಹೆದರದಿರಲಿ.

ನಿನ್ನ ತಂಗಿ,
ದಾನಿ

ತಾ.ಕ.: ನಂದೀಶ್ ಸುಳ್ಳು ಹೇಳಿದಾಗ ನನಗೆ ಅಳು ಬರಲಿಲ್ಲ. ಸೋಮವಾರ ನೀನು ಮಾರತ್ತಹಳ್ಳಿಯಿಂದ ಬಂದು, ಗೇಟಿನಲ್ಲಿ ಕೂತಿದ್ದ ನನ್ನನ್ನು ದಾಟಿ ಒಳಗೆ ಹೋಗಿ, ಮೇಡಂಗೆ ಕೈಮುಗಿದು "ಹುಡುಗಿಗೆ ಬುದ್ಧಿ ಇಲ್ರಿ, ತಪ್ಪಾತು" ಅಂದೆ. ಅದುಮಿದ್ದು ಯಾರು ಅಂತ ನನ್ನನ್ನು ಒಂದು ಮಾತು ಕೇಳಲಿಲ್ಲ.